ಯಾವ ಬಣ್ಣ ಖರೇ

ಆರು ದಿನ ರೈಲ್ವೆ ವರ್ಕ್‌ಶಾಪಿನ್ಯಾಗ
ಸರಕಾರದ ಬೋಗಿಗೆ ಬೋಲ್ಟು ಬಿಗಿತೀನಿ.
ಏಳನೇ ದಿನ, ಗದಗ ರೋಡಿನ ಕ್ವಾರ್ಟರ್ಸಿನ ಹಿಂದ
ಬೇವಿನ ನೆರಳಿಗೆ, ಇಟ್ಟಂಗಿ ಮ್ಯಾಲ
ಗಾಲಿ ಬಿಚ್ಚಿಸಿಕೊಂಡು ನಿಂತ ಈ ಫಿಯಾಟಿಗೆ
ನಾನ ಆಳು, ನಾನ ಮೇಸ್ತ್ರಿ.

ಬ್ಯಾಡಗಿ ಮೆಣಸಿನಕಾಯಿ ದಲಾಲರ ಮನೀ ಗಾಡಿ.
ಹತ್ತೊಂಬತ್ತು ವರ್ಷ ಗೋದಾಮಿನ್ಯಾಗ
ಚೀಲದ ಹಿಂದ ಮುಖ ಮುಚಿಗೊಂಡು ನಿಂತಿತ್ತು.
ಲಾರಿಯಿಂದ ಇಳಿಸಿ ಹಿಂದಿನ ಸೀಟು ಎತ್ತಿದೆ ನೋಡ್ರಿ,
ಸೀನು ಬಂದವು, ಒಂದಲ್ಲ, ಹನ್ನೊಂದು.
ಸ್ಪ್ರಿಂಗಿನ ಸಂದ್ಯಾಗ ಹಿಡಿ ತುಂಬ ಕಾಯಿ ಬೀಜ,
ತುಕ್ಕು ಹಿಡದ ಹೇರ್‌ಪಿನ್ನು,
ಹೂವಿನಂಚಿನ ಹತ್ತು ಪೈಸೆ,
ಯಾರೋ ಕಚ್ಚಿ ಕಚ್ಚಿ ಇಟ್ಟ ಪೆನ್ಸಿಲ್ ತುಂಡು.
ಮನಿಯಾಕಿ ಸೆರಗು ಮೂಗಿಗೆ ಹಿಡದು ಕೇಳಿದ್ಲು:
"ಗಾಡಿ ತಂದೀರೋ, ಒಗ್ಗರಣಿ ತಂದೀರೋ?"

ಬಾಗಲ ಹಿಡಿಕಿಗೆ ಹಳೇ ಹುಬ್ಬಳ್ಳಿ ಗುಜರಿಯೊಳಗ ಮೂರು ಐತವಾರ.
ಕಾರ್ಬೋರೇಟರ್ ಅಡಗಿಮನಿ ಬೋಗುಣ್ಯಾಗ
ಪೆಟ್ರೋಲಿನೊಳಗ ರಾತ್ರಿಯಿಡೀ ನೆನೀತು
(ಆ ಬೋಗುಣಿ ಈಗ ನಂದ. ಹೊಸಾದು ಕೊಡಿಸೇನಿ).
ತಗಡಿನ ಕೆಲಸಕ್ಕ ದಾವಲಸಾಬ ಬಂದ.
ಕಣ್ಣು ಮುಚ್ಚಿ ಮಡ್‌ಗಾರ್ಡಿನ ಮ್ಯಾಲ ಅಂಗೈ ಎಳೀತಾನ
ಆಕಳಿನ ಬೆನ್ನು ಸವರಿದಂಗ.
"ಕಣ್ಣು ಸುಳ್ಳು ಹೇಳ್ತಾವ್ರಿ, ಕೈ ಹೇಳೂದಿಲ್ಲ.
ಇಲ್ಲೆ ಯಾವಾಗೋ ಒಂದು ನೆಗ್ಗು ಬಿದ್ದೈತಿ,
ಯಾರೋ ಚಲೋತ್ನಂಗ ಮುಚ್ಯಾರ."

ಎಮ್ರಿ ಕಾಗದ ಹಿಡಿದು ನಾನು ಉಜ್ಜಿದೆ.
ಮ್ಯಾಲ ಬಿಳಿ. ಬಿಳಿ ಕೆಳಗ ಪುಟ್ಟಿ.
ಪುಟ್ಟಿ ಕೆಳಗ ಹಸರು, ಹೆಸರುಕಾಳಿನ ಹಸರು.
ಅದರ ಕೆಳಗ, ಉಗುರಿನಷ್ಟು ಜಾಗಾದಾಗ,
ಬೆಣ್ಣಿ ಬಣ್ಣ.
ಸಿಕ್ತು! ಕಂಪನಿ ಬಣ್ಣ!
ಬೆವರು ಒರೆಸಿಕೊಳ್ಳಲಾರದ ಓಡಿ
ಪೇಂಟಿನ ಅಂಗಡ್ಯಾಗ ಹಳೇ ಕ್ಯಾಟಲಾಗಿನ ಹಾಳಿ ತೋರಿಸಿ
ಹನಿ ಹನಿ ಕೂಡಿಸಿ ಕಲಿಸಿಕೊಂಡು ಬಂದೆ.

ಗಾಡಿ ಬೆಣ್ಣಿ ಹಚ್ಚಿಕೊಂಡು ನಿಂತ ದಿನ
ದಲಾಲರ ಸಣ್ಣ ಮಗಳು ಅನಸೂಯಾ ನೋಡಾಕ ಬಂದ್ಲು,
ಹಾವೇರಿಯೊಳಗ ಹೆಡ್‌ಮಾಸ್ತರಿಣಿ.
ಮುಂದಿನ ಬಾಗಲಾ ತಗದೆ. ಆಕಿ ನೋಡ್ಲೇ ಇಲ್ಲ,
ಹಿಂದ ಎಡಕ್ಕ ಹೋಗಿ ಕುಂತು
ಕಾಜಿನ ಹಿಡಿಕಿ ಒಂದ ಸುತ್ತು ತಿರಿವಿದ್ಲು.
ಆಮ್ಯಾಲ ಅಂದ್ಲು,
"ಇದು ನಮ್ಮ ಗಾಡಿ ಅಲ್ಲ. ನಮ್ದು ಹಸರು.
ಅಕ್ಕನ ಲಗ್ನಕ್ಕ ಅಪ್ಪ ಬಣ್ಣ ಹೊಡಿಸಿದ್ರು,
ಆರೂದರೊಳಗ ಬೀಗರು ಬಂದು ಒರಗಿ ನಿಂತು
ಧೋತರದ ಹಿಂದ ಹಸರು ಹಚ್ಚಿಕೊಂಡು
ಅಕ್ಷತಾ ಹಾಕಾಕ ಹೋದ್ರು."
ನಗತಾ ಇದ್ಲು. ಕೈ ಮಾತ್ರ ಹಿಡಿಕಿ ಬಿಟ್ಟಿರಲಿಲ್ಲ.

ನನ್ನ ಕಡೆ ಕ್ಯಾಟಲಾಗಿನ ಹಾಳಿ ಐತಿ, ನಂಬರೂ ಐತಿ.
ಆಕಿ ಕಡೆ ಧೋತರ.
ಇಷ್ಟು ದಿನ ನಾನು ಗಾಡೀನ್ನ ಎಲ್ಲಿಗೆ ಹಿಂದಕ್ಕ ತಂದೆ?
ಕಂಪನಿ ಗೇಟು ದಾಟಿದ ಮುಂಜಾನಿಗೆ,
ಅಂದ್ರ, ಅದು ಇನ್ನೂ ಯಾರ ಗಾಡೀನೂ ಅಲ್ಲದ ಹೊತ್ತಿಗೆ.
"ಹಸರು ಹೊಡೀಲೇನು ಮತ್ತ?" ದಾವಲಸಾಬನ ಕೇಳಿದೆ.
"ಹೊಡೀರಿ. ರೊಕ್ಕ ಯಾರು ಕೊಡ್ತಾರ?" ಅಂದು
ಚಾ ಊದತಾ ಕುಂತ.

ಮಧ್ಯಾಹ್ನದ ಬಿಸಲು ಕಾಜಿನಿಂದ ಸೀಟಿನ ಮ್ಯಾಲ ಇಳೀತು.
ಹೊಸಾ ರೆಕ್ಸಿನ್, ಹೊಸಾ ಕಾಥಿ, ಹೊಸಾ ದಾರ,
ಸ್ಪ್ರಿಂಗು ಮಾತ್ರ ಹಳೇವು.
ಅನಸೂಯಾ ಮಾತಿನ ನಡುವ ನಿಂತ್ಲು,
ಮೂಗು ಮ್ಯಾಲ ಮಾಡಿದ್ಲು,
ಸೀನಿದ್ಲು. ಮತ್ತ ಸೀನಿದ್ಲು.
ಕಣ್ಣು ಒರೆಸಿಕೊಂಡ್ಲು, ಸೀನಿನ ನೀರೋ ಏನೋ,
"ಹೂಂ," ಅಂದ್ಲು, "ಇದ."

ಡಿಕ್ಕಿ ಮುಚ್ಚಳದ ಒಳಮೈ ನಾನು ಉಜ್ಜಿರಲಿಲ್ಲ.
ಅಲ್ಲೆ ಹಸರು ಹಂಗ ಐತಿ.
ಅದನ್ನ ತೋರಸೂದು ಮರತು ಆಕಿಗೆ ಬಸ್ಸು ಹತ್ತಿಸಿದೆ.

ಎಡಗಡೆ ಇಂಡಿಕೇಟರ್ ಇನ್ನೂ ಹತ್ತವಲ್ದು.
ಮುಂದಿನ ಐತವಾರ.